ಖಳನಾಯಕನ ನಗೆಯ ವಿಚಾರಣೆ

ಹಣೆಬರಹವನ್ನು ಅಷ್ಟೊಂದು ನಂಬುವ ನಮ್ಮ ಜನ ಬಸ್ಸಿನ ಹಣೆಬರಹವನ್ನು ಮಾತ್ರ ಯಾಕೋ ನಂಬುವುದಿಲ್ಲ. ದುರ್ಗದ ಬಸ್‌ನಿಲ್ದಾಣದಲ್ಲಿ, ನೆತ್ತಿಯ ಮೇಲೆ 'ಹೊಸದುರ್ಗ' ಎಂದು ಅಂಗೈಯಗಲದ ಅಕ್ಷರಗಳನ್ನು ಹೊತ್ತ ಬಸ್ಸು ನಿಂತಿದ್ದರೂ, ಅಷ್ಟು ಜನರ ನಡುವೆ ನನ್ನನ್ನೇ ಹುಡುಕಿಕೊಂಡು ಬಂದು, "ಇದು ಹೊಸದುರ್ಗಕ್ಕೆ ಹೋಗ್ತೈತೇನ್ರಿ?" ಎಂದು ಕೇಳುತ್ತಾರೆ. ಅಕ್ಷರ ಬಾರದವರು ಕೇಳಿದರೆ ಅದಕ್ಕೊಂದು ಅರ್ಥವಿದೆ. ಕನ್ನಡಕ ಹಾಕಿಕೊಂಡು, ಬಗಲಲ್ಲಿ ವೃತ್ತಪತ್ರಿಕೆ ಇಟ್ಟುಕೊಂಡವರೂ ಕೇಳುತ್ತಾರೆ. ಒಮ್ಮೆಯಂತೂ ಹೊಸದಾಗಿ ವರ್ಗವಾಗಿ ಬಂದಿದ್ದ ಆ ಬಸ್ಸಿನ ಡ್ರೈವರೇ ಕೇಳಿದ್ದರು. ಎಲ್ಲವನ್ನೂ ಬಲ್ಲವನೆಂಬ ಒಂದು ಭ್ರಾಂತಿಯನ್ನು ವಿಧಾತ ನನ್ನ ಮುಖದ ಮೇಲೆ ಬರೆದು, ಅದಕ್ಕೆ ಬೇಕಾದ ಜ್ಞಾನವನ್ನು ತಲೆಯೊಳಗೆ ತುಂಬಲು ಮರೆತಿರಬೇಕು.

ಈ ಮುಖದಿಂದಾಗಿಯೇ ನಾನು ಕೆಲವು ವರ್ಷ ಅಪರಿಚಿತರ ಪ್ರಶ್ನೆಗಳಿಗೆ ಉತ್ತರ ಹೇಳುವ ಉದ್ಯೋಗಕ್ಕೆ ಬಿದ್ದೆ. ಅದು ಎಪ್ಪತ್ತರ ದಶಕ ಅರ್ಧ ಕಳೆದಿದ್ದ ಕಾಲ. ನಾನು ದುರ್ಗದಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಲಗ್ನಪತ್ರಿಕೆಗಳನ್ನು ಅಚ್ಚುಹಾಕುತ್ತಿದ್ದ ಮರುಳಪ್ಪನವರು, ಮದುವೆಗಳಿಲ್ಲದ ತಿಂಗಳುಗಳಲ್ಲಿ ಯಂತ್ರಕ್ಕೆ ತುಕ್ಕು ಹಿಡಿಯದಿರಲೆಂದು ಒಂದು ವಾರಪತ್ರಿಕೆಯನ್ನು ಶುರುಮಾಡಿದ್ದರು. ಒಂದು ಸಂಜೆ ನನ್ನನ್ನು ಕರೆಸಿ, "ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ. ನೀವು ಮದ್ರಾಸು ನೋಡಿ ಬಂದೋರು. ಸಿನಿಮಾ, ಟೆಲಿವಿಷನ್ನು, ಮೋಟಾರ್ ರೇಸು, ಆಟಪಾಟ, ಎಲ್ಲಾ ಅಲ್ಲೇ ಐತಲ್ಲ. ಜನ ಕೇಳಿದ್ದಕ್ಕೆ ನೀವು ಉತ್ತರ ಬರೀರಿ" ಎಂದರು.

ನನ್ನ ಮದ್ರಾಸಿನ ಅನುಭವವೆಂದರೆ ಬೇಸಿಗೆ ರಜೆಯಲ್ಲಿ ಭಾವಮೈದುನನ ಮನೆಯಲ್ಲಿ ಕೂತು ಬೆವರಿದ್ದು. ಸ್ಟುಡಿಯೋ ಒಂದರ ಕಾಂಪೌಂಡಿನ ಹೊರಗೋಡೆಯನ್ನು ನೋಡಿದ್ದೆ. ಮೋಟಾರು ರೇಸಿನದೆಂದು ಯಾರೋ ತೋರಿಸಿದ ಧೂಳನ್ನು ನೋಡಿದ್ದೆ. ನೆರೆಮನೆಯ ಟೆಲಿವಿಷನ್ನಿನಲ್ಲಿ ಭತ್ತದ ಕಾಂಡ ಕೊರೆಯುವ ಹುಳುವಿನ ಜೀವನಚರಿತ್ರೆಯನ್ನು ತಮಿಳಿನಲ್ಲಿ ನೋಡಿದ್ದೆ. ಇದನ್ನೆಲ್ಲ ಮರುಳಪ್ಪನವರಿಗೆ ಹೇಳಿದೆ. ಅವರು ಅದನ್ನು ವಿನಯವೆಂದು ಬಗೆದರು.

ಅಂಕಣಕಾರನಿಗೆ 'ಸಂಶಯಾರಿ' ಎಂಬ ಕಾವ್ಯನಾಮವನ್ನು ನಾನೇ ಇಟ್ಟುಕೊಂಡೆ. ಸಂಶಯಗಳಿಗೆ ಅರಿ, ಅಂದರೆ ಶತ್ರುವಾದವನು ಎಂದು ಅರ್ಥ. ಅಚ್ಚುಮೊಳೆ ಜೋಡಿಸುವಾತ ಒಳ್ಳೆಯ ಮನುಷ್ಯ. ಅಧ್ಯಾಪಕರ ಕಾಗುಣಿತದ ತಪ್ಪು ಊರಿಗೆಲ್ಲ ಗೊತ್ತಾಗಬಾರದೆಂದು ಅದನ್ನು ತಿದ್ದಿ 'ಸಂಸಾರಿ' ಎಂದು ಜೋಡಿಸಿದ. ಮೊದಲ ಸಂಚಿಕೆಯಿಂದಲೇ ಹಾಗೆ ಅಚ್ಚಾಗಿ ಹೋದದ್ದರಿಂದ ಆ ಹೆಸರೇ ನಿಂತಿತು. ಸಂಶಯಗಳನ್ನು ಕೊಲ್ಲಲು ಹೊರಟವನು ಹೀಗೆ ಅವುಗಳ ಜೊತೆಯಲ್ಲಿಯೇ ಸಂಸಾರ ಹೂಡಬೇಕಾಯಿತು.

ಪ್ರಶ್ನೆಗಳೋ, ಒಂದಕ್ಕಿಂತ ಒಂದು ರಸವತ್ತಾಗಿದ್ದವು. ಸಿರಿಗೆರೆಯ ವಿದ್ಯಾರ್ಥಿಯೊಬ್ಬ, ಮೋಟಾರು ರೇಸಿನಲ್ಲಿ ಮುಂದಿನ ಕಾರು ದಾರಿ ಬಿಡದಿದ್ದರೆ ಹಾರ್ನ್ ಹೊಡೆಯಬಹುದೇ ಎಂದು ಕೇಳಿದ. ಹೊಡೆದರೆ ದಾರಿ ಬಿಡುವಷ್ಟು ಸಜ್ಜನರು ರೇಸಿಗೆ ಹೋಗುವುದಿಲ್ಲವೆಂದು ಬರೆದೆ. ಟೆಲಿವಿಷನ್ನಿನ ಹೆಸರನ್ನು ಮಾತ್ರ ಕೇಳಿದ್ದ ಹೊಸದುರ್ಗದ ಮಹಿಳೆಯೊಬ್ಬರು, ನಮಗೆ ಟೆಲಿವಿಷನ್ನಿನವರು ಕಾಣುವಂತೆ ಅವರಿಗೂ ನಾವು ಕಾಣುತ್ತೇವೆಯೇ, ಕಾಣುವುದಾದರೆ ಒಳ್ಳೆಯ ಸೀರೆ ಉಟ್ಟುಕೊಳ್ಳಬೇಕಲ್ಲ ಎಂದು ವಿಚಾರಿಸಿದರು. ಈಗ ಅನಿಸುತ್ತದೆ, ಅದಕ್ಕಿಂತ ಸಭ್ಯವಾದ ಪ್ರಶ್ನೆ ನನಗೆ ಬರಲೇ ಇಲ್ಲ. ರೇಡಿಯೋದಲ್ಲಿ ಮಳೆಯಿಂದ ಕ್ರಿಕೆಟ್ ನಿಂತ ಕೂಡಲೇ ಸಿತಾರು ನುಡಿಯುತ್ತದಲ್ಲ, ಆ ಸಿತಾರಿನವರು ಮೈದಾನದಲ್ಲಿಯೇ ಕೂತು ಮೋಡ ನೋಡುತ್ತಿರುತ್ತಾರೆಯೇ ಎಂಬುದು ಹಿರಿಯೂರಿನ ಕ್ರೀಡಾಭಿಮಾನಿಯೊಬ್ಬರ ಚಿಂತೆ. ಹೊಳಲ್ಕೆರೆಯ ವಾಲಿಬಾಲ್ ಪಂದ್ಯಾವಳಿಯವರು ಇನ್ನೂ ವ್ಯಾವಹಾರಿಕರು: ಊರಿನ ತಂಡ ಸೋಲುತ್ತಿರುವಾಗ ಧ್ವನಿವರ್ಧಕದಲ್ಲಿ ಯಾವ ಗ್ರಾಮಫೋನು ತಟ್ಟೆ ಹಾಕಬೇಕು? ಎದುರಾಳಿಗಳಿಗೆ ಅಳು ಬರುವಂಥದನ್ನು ಎಂದು ಬರೆದೆ. ಅವರು ಹಾಗೆಯೇ ಮಾಡಿದರಂತೆ. ಎದುರಾಳಿಗಳ ಬದಲು ರೆಫರಿ ಅತ್ತುಬಿಟ್ಟರಂತೆ.

ಇಂಥ ಚುಟುಕು ಚಾತುರ್ಯದ ಅಮಲಿನಲ್ಲಿರುವಾಗಲೇ, ಸಿನಿಮಾದ ಖಳನಾಯಕರು ನಿಜವಾಗಿಯೂ ಕೆಟ್ಟವರೇ ಎಂಬ ಪ್ರಶ್ನೆ ಬಂತು. "ವಾರವೆಲ್ಲ ಉದ್ಯೋಗಕ್ಕಾಗಿ ಕೆಟ್ಟವರು, ಭಾನುವಾರ ಒಳ್ಳೆಯವರು" ಎಂದು ಉತ್ತರಿಸಿ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಅದು ಅಚ್ಚಾದ ಕೆಲವು ದಿನಗಳಿಗೆ ಮರುಳಪ್ಪನವರ ಅಚ್ಚುಕೂಟದ ಬಾಗಿಲಲ್ಲಿ, ಹೆಗಲ ಮೇಲೆ ಕರಿಕಂಬಳಿ ಹಾಕಿದ್ದ ಎತ್ತರದ ಮನುಷ್ಯರೊಬ್ಬರು ನನಗಾಗಿ ಕಾದು ನಿಂತಿದ್ದರು. ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿ ಕಡೆಯವರು, ಹೆಸರು ಚಿಕ್ಕಣ್ಣ, ಕುರಿ ಸಾಕಿದವರು.

"ಸಂಸಾರಿ ಅಂದ್ರೆ ನೀವೇ ಏನ್ರಿ?" ಎಂದರು. ಹೆಂಡತಿ ಮಕ್ಕಳಿರುವ ನಾನು ಅಲ್ಲವೆನ್ನುವುದು ಹೇಗೆ? ಹೌದೆಂದೆ.

"ನಮ್ಮ ಹುಡುಗಿಗೆ ತಾಳ್ಯದಿಂದ ಒಂದು ಗಂಡು ಬಂದೈತೆ. ಒಳ್ಳೆ ಮನೆತನ, ಕುರಿನೂ ಅವೆ, ಹೊಲಾನೂ ಐತೆ. ಆದ್ರೆ ಹುಡುಗಿ ಒಲ್ಲೆ ಅಂತಾಳೆ. ಗಂಡಿನ ಮೀಸೆ, ಹುಬ್ಬು, ನಗು, ಎಲ್ಲಾ ಹಿರಿಯೂರು ಟೆಂಟಿನಾಗೆ ನೋಡಿದ ಸಿನಿಮಾದ ಕೇಡಿ ಥರಾನೇ ಐತಂತೆ. ಸಿನಿಮಾದ ಕೇಡಿ ಒಳ್ಳೇನು ಅಂತ ನೀವು ಬರ್ದೀರಂತಲ್ಲ, ನಮ್ಮೂರ ಸ್ಕೂಲಿನ ಮೇಷ್ಟ್ರು ಓದಿ ಹೇಳಿದ್ರು. ಅದನ್ನ ನೀವೇ ಬಂದು ಅವಳಿಗೆ ಹೇಳ್ರಿ. ಹೋಗಾಣ ಬರ್ರಿ."

ಇದು ಸಿನಿಮಾದ ಪ್ರಶ್ನೆಯಲ್ಲ, ಸಂಸಾರದ ಪ್ರಶ್ನೆ ಎಂದು ನುಣುಚಿಕೊಳ್ಳಲು ನೋಡಿದೆ. "ಅದಕ್ಕೇ ಅಲ್ವೇ ನಿಮ್ಮತ್ರ ಬಂದದ್ದು" ಎಂದರು ಚಿಕ್ಕಣ್ಣ. ಕಾಗುಣಿತ ತಿದ್ದಿದ ಪುಣ್ಯಾತ್ಮ ಒಳಗಿನಿಂದ ನನ್ನನ್ನು ನೋಡಿ ಹಲ್ಲು ಕಿರಿದ.

ಭಾನುವಾರ ಬೆಳಗ್ಗೆ ಬಸ್ಸು ಹತ್ತಿ ಹೋದೆ. ಹೆದ್ದಾರಿ ಬಿಟ್ಟು ಹೊಲದ ದಾರಿಯಲ್ಲಿ ನಡೆದರೆ ಅವರ ಹಟ್ಟಿ. ಅಂಗಳದಲ್ಲಿ ಕಂಬಳಿ ಹಾಸಿ ನನ್ನನ್ನು ಕೂರಿಸಿದರು. ಕುರಿಗಳೆಲ್ಲ ಮೇಯಲು ಹೋಗಿದ್ದವು. ಕಾಲು ನೋಯಿಸಿಕೊಂಡು ರೊಪ್ಪದ ಬೇಲಿಯೊಳಗೆ ಉಳಿದಿದ್ದ ಒಂದು ಟಗರು ಮಾತ್ರ ನನ್ನ ಪಾಂಡಿತ್ಯವನ್ನು ಪರೀಕ್ಷಿಸುವಂತೆ ದಿಟ್ಟಿಸುತ್ತಿತ್ತು. ಚಿಕ್ಕಣ್ಣನ ಮಗಳು ರಂಗಮ್ಮ ಮಜ್ಜಿಗೆ ತಂದಿಟ್ಟು, ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ನಾನು ಗಂಟಲು ಸರಿಮಾಡಿಕೊಂಡು, ನಟನೆ ಬೇರೆ, ನಟನ ಸ್ವಭಾವ ಬೇರೆ ಎಂಬುದನ್ನು ತರಗತಿಯಲ್ಲಿ ವಿವರಿಸುವ ಹಾಗೆ ವಿವರಿಸತೊಡಗಿದೆ. ಅವಳು ಸಮಾಧಾನದಿಂದ ಕೇಳಿದಳು.

"ಸಿನಿಮಾ ಸುಳ್ಳು ಅಂತ ನಂಗೂ ಗೊತ್ತೈತೆ ಮೇಷ್ಟ್ರೇ. ಒಂದು ಸಿನಿಮಾದಾಗೆ ಗುಂಡು ಹೊಡೆಸ್ಕಂಡು ಸತ್ತೋನು ಮುಂದಿನ ಸಿನಿಮಾದಾಗೆ ಸೂಟು ಹಾಕ್ಕಂಡು ಬರ್ತಾನೆ. ಅದಿರ್ಲಿ, ಭಾನುವಾರ ಒಳ್ಳೇರು ಅಂತ ಬರ್ದೀರಲ್ಲ, ಉಳಿದ ದಿನ ನಾನೇನು ಮಾಡ್ಲಿ?"

ಮಜ್ಜಿಗೆ ನೆತ್ತಿಗೇರಿತು. ನನ್ನ ಅತಿ ಜಾಣ ವಾಕ್ಯವನ್ನು ಯಾರಾದರೊಬ್ಬರು ತಮ್ಮ ಬದುಕಿಗೆ ಅಳತೆ ಹಿಡಿದು ನೋಡಬಹುದೆಂದು ಬರೆಯುವಾಗ ನನಗೆ ಹೊಳೆದಿರಲಿಲ್ಲ. ಕೆಮ್ಮು ನಿಂತ ಮೇಲೆ, "ಹಾಗಾದರೆ ನಿನಗೆ ತಿಳಿಯಬೇಕಾದದ್ದು ಏನಮ್ಮ?" ಎಂದು ಕೇಳಿದೆ. ಅಷ್ಟು ವರ್ಷ ಉತ್ತರ ಹೇಳಿದವನು, ಕೇಳಿದವರನ್ನು ತಿರುಗಿ ಕೇಳಿದ್ದು ಅದೇ ಮೊದಲು.

ಅವಳು ಅಪ್ಪನ ಕಡೆ ಒಮ್ಮೆ ನೋಡಿದಳು. "ಹೆಣ್ಣು ನೋಡಾಕೆ ಬಂದಾಗ ಅಪ್ಪಯ್ಯ ಹೇಳ್ತು, ನನ್ನ ಮಗಳು ಒಬ್ಳೇ ಬಡಿಗೆ ತಗಂಡು ತೋಳ ಓಡಿಸಿದ್ಳು ಅಂತ. ಅವಾಗ ಆ ಗಂಡು ಹಟ್ಟಿ ಹಾರೋ ಹಂಗೆ ನಕ್ತು. ಯಾತಕ್ಕೆ ನಕ್ತು? ಹೆಣ್ಣುಡುಗಿ ತೋಳ ಓಡಿಸಾದು ಸುಳ್ಳು ಅಂತ ನಕ್ತೋ? ಇಂಥೋಳು ಮನೆಗೆ ಬಂದ್ರೆ ಹೆಂಗೆ ಬಗ್ಗಿಸ್ಬೇಕು ಅಂತ ನಕ್ತೋ? ಅದು ಗೊತ್ತಾಗದಂಗೆ ನಾನು ಹೆಂಗೆ ಹೂಂ ಅನ್ಲಿ?"

"ಲೇ ರಂಗಿ, ಇದನ್ನ ಮೊದ್ಲೇ ಹೇಳಿದ್ರೆ ಆಗ್ತಿರ್ಲಿಲ್ವೇನೇ?" ಎಂದರು ಚಿಕ್ಕಣ್ಣ.

"ಹೇಳ್ದೆ. ಗಂಡಸ್ರು ನಗಾದಿಲ್ವೇನೇ ಅಂದೆ ನೀನು. ಸಿನಿಮಾದ ಕೇಡಿ ಥರ ಅಂತ ನಾನಂದೆ ನೋಡು, ಆಗ ನೀನು ಬಸ್ ಹತ್ತಿ ದುರ್ಗಕ್ಕೆ ಹೋದೆ."

ಅಪ್ಪ ಮಗಳು ಇಬ್ಬರೂ ನನ್ನ ಕಡೆ ತಿರುಗಿದರು. ಯಾವ ರೇಸಿನ ಧೂಳೂ, ಯಾವ ಹುಳುವಿನ ಚರಿತ್ರೆಯೂ ಇಲ್ಲಿ ನನ್ನ ಸಹಾಯಕ್ಕೆ ಬರುವಂತಿರಲಿಲ್ಲ. "ಇದಕ್ಕೆ ಉತ್ತರ ನನಗೆ ಗೊತ್ತಿಲ್ಲ. ನಕ್ಕವನನ್ನೇ ಕೇಳಬೇಕು" ಎಂದೆ. ಹೆಣ್ಣು ಗಂಡನ್ನು ಕೇಳುವುದುಂಟೇ ಎಂದು ಚಿಕ್ಕಣ್ಣ ಸ್ವಲ್ಪ ಹೊತ್ತು ಒದ್ದಾಡಿದರು. ಆದರೆ ದುರ್ಗದಿಂದ ಕರೆತಂದವನ ಮಾತನ್ನು ತೆಗೆದುಹಾಕಿದರೆ ಕರೆತಂದ ತಮ್ಮ ಮರ್ಯಾದೆಯೇ ಹೋಗುತ್ತದಲ್ಲ! ತಾಳ್ಯಕ್ಕೆ ಹೇಳಿ ಕಳಿಸಿದರು. ಮುಂದಿನ ಭಾನುವಾರ ನಾನೂ ಬರಲೇಬೇಕೆಂದು ತಾಕೀತಾಯಿತು.

ಗಂಡು ಈರಣ್ಣ ತನ್ನ ದೊಡ್ಡಪ್ಪನ ಜೊತೆ ಬಂದ. ಹುಡುಗಿಯ ತಪ್ಪೇನೂ ಇರಲಿಲ್ಲ. ಆ ಹುಬ್ಬು, ಆ ಮೀಸೆ, ಆ ಕಣ್ಣು ಒಟ್ಟಾಗಿ ಬಂದರೆ ಯಾವ ಟೆಂಟಿನಲ್ಲಾದರೂ ಮಕ್ಕಳು ತಾಯಿಯ ಸೆರಗಿನಲ್ಲಿ ಮುಖ ಮರೆಸಿಕೊಳ್ಳುತ್ತವೆ. ಅವನು ಕಂಬಳಿಯ ತುದಿಯಲ್ಲಿ ಮುದುಡಿ ಕೂತ. ದೊಡ್ಡಪ್ಪ ಮಳೆಯ ವಿಷಯ ತೆಗೆದರು, ಉಣ್ಣೆಯ ವಿಷಯ ತೆಗೆದರು, ಮುಖ್ಯ ವಿಷಯದ ಸುತ್ತ ಪ್ರದಕ್ಷಿಣೆ ಹಾಕುತ್ತಲೇ ಇದ್ದರು. ರಂಗಮ್ಮ ಬಾಗಿಲಿನಿಂದಲೇ ಕೇಳಿಬಿಟ್ಟಳು.

"ಅವತ್ತು ಯಾಕೆ ನಕ್ರಿ?"

ಈರಣ್ಣನ ಮುಖ ಕೆಂಪಾಯಿತು, ತುಟಿ ಅದುರಿತು, ಇದ್ದಕ್ಕಿದ್ದಂತೆ ಅದೇ ನಗು ಸಿಡಿಯಿತು. ನಾನು ಕೂತಲ್ಲೇ ಅರ್ಧ ಎದ್ದೆ. ರೊಪ್ಪದ ಟಗರು ಬೆದರಿ ಬೇಲಿಗೆ ಗುದ್ದಿತು. ಎರಡು ಕೈಯಿಂದ ಬಾಯಿ ಮುಚ್ಚಿಕೊಂಡು ಈರಣ್ಣ ದೊಡ್ಡಪ್ಪನ ಕಡೆ ನೋಡಿದ.

ದೊಡ್ಡಪ್ಪ ಉಸಿರು ಬಿಟ್ಟರು. "ಮುಚ್ಚಿಟ್ಟೇನು ಮಾಡಾದು? ಹೆದ್ರಿಕೆ ಆದ್ರೆ ಇವನಿಗೆ ನಗು ಬರ್ತೈತೆ. ಸಣ್ಣೋನಿದ್ದಾಗಿಂದ ಹಂಗೇ. ಸಾವಿನ ಮನೇಗೆ ಇವನ್ನ ಕರ್ಕಂಡು ಹೋಗಾದಿಲ್ಲ ನಾವು."

"ಅವತ್ತು ಯಾವ ಹೆದ್ರಿಕೆ?" ರಂಗಮ್ಮ ಬಿಡಲಿಲ್ಲ.

ಈರಣ್ಣ ಕೈ ತೆಗೆದ. ಆ ಭೀಕರ ಮುಖದಿಂದ ಹೊರಟ ಧ್ವನಿ ತೀರಾ ಮೆತ್ತಗಿತ್ತು. "ನೀನು ತೋಳ ಓಡಿಸ್ದೆ ಅಂದ್ರು. ನಮ್ಮ ಕುರಿಗೆ ತೋಳ ಬಂದಾಗ ನಾನು ಮರ ಹತ್ತಿದ್ದೆ. ಈಗ ನನ್ನೂ ಕೇಳ್ತಾರೆ, ಏನಪ್ಪ, ನೀನೇನು ಮಾಡ್ದೆ ಅಂತ... ಅಂತ ಹೆದ್ರಿಕೆ ಆಯ್ತು."

"ಯಾವ ಮರ?"

"ಜಾಲಿ ಮರ."

ಮೈತುಂಬ ಮುಳ್ಳಿರುವ ಜಾಲಿಯನ್ನು ಹತ್ತಬೇಕಾದರೆ ಹೆದರಿಕೆಯ ಆಳ ಎಷ್ಟಿರಬೇಕೆಂದು ಎಲ್ಲರೂ ಮನಸ್ಸಿನಲ್ಲೇ ಅಂದಾಜು ಮಾಡುತ್ತಿದ್ದರು. ಆಮೇಲೆ ರಂಗಮ್ಮ ನಕ್ಕಳು. ಸೆರಗು ಬಾಯಿಗೆ ಹಿಡಿಯದೆ, ಚೌಕಟ್ಟನ್ನು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಈರಣ್ಣ ತಲೆ ತಗ್ಗಿಸಿ ಕೂತಿದ್ದ. ಅವನ ಮುಂದಿನ ಬದುಕೆಲ್ಲ ಆ ನಗುವಿನ ಆಚೆ ತುದಿಯಲ್ಲಿತ್ತು. ನಗು ನಿಂತ ಮೇಲೆ ಅವಳು ಕಣ್ಣೊರೆಸಿಕೊಂಡು, "ಮುಳ್ಳು ಯಾರು ತೆಗೆದ್ರು?" ಎಂದಳು.

"ನಮ್ಮವ್ವ."

"ಹೂಂ ಅನ್ನು ಅಪ್ಪಯ್ಯ" ಎಂದು ರಂಗಮ್ಮ ಒಳಗೆ ಹೋದಳು. ತೋಳವನ್ನು ಓಡಿಸುವ ಗಂಡು ಅವಳಿಗೆ ಬೇಕಿರಲಿಲ್ಲ. ಆ ಕೆಲಸ ಅವಳಿಗೇ ಬರುತ್ತಿತ್ತು. ಕೇಳಿದ್ದಕ್ಕೆ ನಿಜ ಹೇಳುವ ಗಂಡು ಬೇಕಿತ್ತು, ಅಷ್ಟೇ. ಇದು ನನಗೆ ಹೊಳೆದದ್ದು ಬಸ್ಸಿನಲ್ಲಿ ಹಿಂದಿರುಗುವಾಗ, ಹಿರಿಯೂರು ದಾಟಿದ ಮೇಲೆ.

ಮದುವೆಯಾದ ಮೇಲೆ ಒಂದು ಸಲ ಆ ದಂಪತಿ ದುರ್ಗಕ್ಕೆ ನಮ್ಮ ಮನೆಗೆ ಬಂದರು. ಅವರಿಗೆ ಏನು ಉಪಚಾರ ಮಾಡುವುದೆಂದು ತೋಚದೆ ನಾನೂ ನನ್ನ ಹೆಂಡತಿಯೂ ಅವರನ್ನು ಮಧ್ಯಾಹ್ನದ ಸಿನಿಮಾಕ್ಕೆ ಕರೆದುಕೊಂಡು ಹೋದೆವು. ಹೊಡೆದಾಟದ ದೃಶ್ಯಗಳು ಬಂದಾಗಲೆಲ್ಲ ಈರಣ್ಣ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದ. ಕೊನೆಗೆ ಖಳನಾಯಕ ಬಂಡೆಯ ಮೇಲಿನಿಂದ ಬಿದ್ದು ಸತ್ತ. ಜನ ಶಿಳ್ಳೆ ಹಾಕಿದರು, ದೀಪ ಹತ್ತಿತು, ನಾವು ಎದ್ದೆವು. ರಂಗಮ್ಮ ಮಾತ್ರ ಏಳಲಿಲ್ಲ. ಬಿಳಿ ಪರದೆಯನ್ನೇ ನೋಡುತ್ತಿದ್ದವಳು ನನ್ನ ಕಡೆ ತಿರುಗಿ, "ಮೇಷ್ಟ್ರೇ, ಆ ಕೇಡಿ ಹೆಂಡ್ತಿ ಮನೇಲಿ ರೊಟ್ಟಿ ಬಡಿದು ಕಾಯ್ತಿರ್ತಾಳಲ್ಲ. ಅವಳಿಗೆ ಯಾರು ಹೋಗಿ ಹೇಳ್ತಾರೆ?" ಎಂದಳು.

ಜನ ನಮ್ಮನ್ನು ದಾಟಿಕೊಂಡು ಬಾಗಿಲಿನ ಕಡೆ ನಡೆದರು. ನಾನು ಅವಳ ಪಕ್ಕದಲ್ಲಿ ಮತ್ತೆ ಕೂತುಕೊಂಡೆ.