ತೇಲಕ್ಕನ ದೋಣಿಗೆ ಮದುಮಗಳು

ಬೆಳಗಿನ ಐದು ಗಂಟೆ. ಕಾಲುವೆಯ ಮೆಟ್ಟಿಲ ಮೇಲೆ ಲಿಂಗ್ದಿ ಕುಕ್ಕರಗಾಲಲ್ಲಿ ಕೂತು ಹಗ್ಗ ನೆನೆಸುತ್ತಿದ್ದಾರೆ. ದೋಣಿಯ ಹಿಂತುದಿಯ ಉದ್ದ ಹುಟ್ಟನ್ನು ತಳದ ಹಲಗೆಗೆ ಬಿಗಿಯುವ ಹಗ್ಗ ಅದು. ಒಣಗಿದ್ದರೆ ಅಂಗೈ ಸುಲಿಯುತ್ತದೆ, ನೆನೆದಿದ್ದರೆ ಹೇಳಿದ ಮಾತು ಕೇಳುತ್ತದೆ. ಹಿಂಡಿ, ಸುತ್ತಿ, ಗಂಟು ಹಾಕುತ್ತಾರೆ. ಹುಟ್ಟು ಕೂರುವ ಕಬ್ಬಿಣದ ಗೂಟಕ್ಕೆ ಎರಡು ಹನಿ ಎಣ್ಣೆ ಬಿಡುತ್ತಾರೆ. ಆಮೇಲೆ ಹಲಗೆಗಳನ್ನು ಒಂದೊಂದಾಗಿ ಉಜ್ಜತೊಡಗುತ್ತಾರೆ.

ಪಕ್ಕದ ದೋಣಿಯ ಯುಫೆನ್‌ಗೆ ಸುಮ್ಮನಿರಲಾಗುವುದಿಲ್ಲ. "ಏನ್ ತೇಲಕ್ಕಾ, ಇಷ್ಟೊಂದು ತಿಕ್ತಿದೀಯ! ಮದುಮಗಳು ಅವಳೋ, ನೀನೋ?"

"ನಾನೇ ಕಣೇ. ಗಂಡು ಸಿಕ್ರೆ ಹೇಳು. ಹುಟ್ಟು ಹಾಕಕ್ಕೆ ಮಾತ್ರ ಬರ್ಬೇಕು."

ಜನರನ್ನು ಸಾಗಿಸತೊಡಗಿದ ಮೂವತ್ತೊಂದು ವರ್ಷದಲ್ಲಿ ಲಿಂಗ್ದಿಯ ದೋಣಿಗೆ ಮದುಮಗಳು ಬರುತ್ತಿರುವುದು ಇದೇ ಮೊದಲು.

ಐವತ್ತೇಳರ ಲಿಂಗ್ದಿಯ ಮನೆತನದ ಹೆಸರು ಚೆನ್. ಬರೆಯುವಾಗ ಅಕ್ಷರ ಬೇರೆ, ಬಾಯಲ್ಲಿ ಮಾತ್ರ ಅದು ನಮ್ಮ ಭಾಷೆಯ 'ಮುಳುಗು' ಎಂಬ ಪದದ ಹಾಗೇ ಕೇಳಿಸುತ್ತದೆ. ನಮ್ಮ ನಾನ್‌ಶೀ ಊರಲ್ಲಿ ನೀರಿನ ಹತ್ತಿರ ಆ ಸದ್ದನ್ನು ಯಾರೂ ಎತ್ತುವುದಿಲ್ಲ. ಅದಕ್ಕೇ ದಂಡೆಯವರಿಗೆಲ್ಲ ಅವರು ತೇಲಕ್ಕ. ಆದರೆ ನಡೆಸುವವರ ಹೆಸರು ದೋಣಿಯ ಹಿಂದಿನ ಫಲಕದಲ್ಲಿ ಇರಲೇಬೇಕು. ಇದೆ.

"ಒಂದ್ಸಲ ಹೊರಗಿನೋನೊಬ್ಬ ಬೋರ್ಡ್ ನೋಡಿ 'ಚೆನ್!' ಅಂತ ಜೋರಾಗಿ ಓದ್ಬಿಟ್ಟ. ಕೂತಿದ್ದ ಇಬ್ರು ಅಜ್ಜೀರು ದಡಕ್ಕಂತ ಎದ್ ನಿಂತ್ರು. ದೋಣಿ ವಾಲ್ತು, ಬಾತುಕೋಳಿ ಬುಟ್ಟಿ ನೀರಿಗೆ ಬಿತ್ತು. ನನ್ನ ಹೆಸರು ಏನೂ ಮಾಡ್ಲಿಲ್ಲ, ಆ ಅಜ್ಜೀರೇ ಎಲ್ರುನೂ ಮುಳುಗಿಸ್ತಿದ್ರು."

ಬಾತುಕೋಳಿಗಳು ಏನಾದವು?

"ಅವಕ್ಕೇನು, ನನಗಿಂತ ಚೆನ್ನಾಗಿ ತೇಲಿದ್ವು!"

ಒಂಬತ್ತನೇ ವಯಸ್ಸಿಗೆ, ಎತ್ತರ ಸಾಲದೆ, ನಾಲ್ಕು ಇಟ್ಟಿಗೆಯ ಮೇಲೆ ನಿಂತು ಗದ್ದೆಗೆ ಕೆಸರು ಸಾಗಿಸುವ ತಾಯಿಯ ದೋಣಿಯಲ್ಲಿ ಹುಟ್ಟು ಹಾಕಲು ಕಲಿತವರು ಲಿಂಗ್ದಿ. ಹುಟ್ಟು ಒಂದೇ, ದೂಡಿದರೆ ದೋಣಿ ಒಂದು ಕಡೆ ತಿರುಗುತ್ತದೆ, ಎಳೆದರೆ ಇನ್ನೊಂದು ಕಡೆ. ಈಗ ದಿನಕ್ಕೆ ಹನ್ನೊಂದು ಸುತ್ತು, ಪ್ರತಿ ಸುತ್ತಿನಲ್ಲೂ ಏಳು ಸೇತುವೆ. ಸೊಪ್ಪಿನ ಮಾರುಕಟ್ಟೆಯ ಸೇತುವೆಯಡಿ ಎರಡೂ ಬದಿಗೆ ಉಳಿಯುವುದು ನಾಲ್ಕು ಬೆರಳು ಜಾಗ. ಅಲ್ಲಿ ಗಂಡಸರು ಕೋಲು ಹಿಡಿದು ಗೋಡೆ ತಳ್ಳುತ್ತಾರೆ, ಲಿಂಗ್ದಿ ಹುಟ್ಟನ್ನು ಒಂದೇ ಸಲ ಒತ್ತಿ ಸುಮ್ಮನಾಗುತ್ತಾರೆ. ದೋಣಿ ತಾನೇ ಆಚೆ ಹೋಗುತ್ತದೆ. ಚಳಿಗಾಲಕ್ಕೆ ಬೆರಳಿನ ಗೆಣ್ಣುಗಳು ಬಿರಿಯುತ್ತವೆ. ಬಲಭುಜ ಎಡಕ್ಕಿಂತ ತುಸು ತಗ್ಗಿದೆ.

"ರೋಗಿಗಳ್ನ ಕರ್ಕೊಂಡ್ ಹೋಗಿದೀನಿ, ಬಸುರೀರ್ನ ಕರ್ಕೊಂಡ್ ಹೋಗಿದೀನಿ. ಆಗ ಯಾರೂ ನಿನ್ನ ಹೆಸರೇನು ಅಂತ ಕೇಳ್ಲಿಲ್ಲ. ಮದುವೆ ಅಂದ್ರೆ ಮಾತ್ರ ಎಲ್ರಿಗೂ ಯುಫೆನ್ ದೋಣಿನೇ ಬೇಕು."

ಮದುಮಗಳು ವೆನ್ಜಿಂಗ್ ಆರು ವರ್ಷ ಇದೇ ದೋಣಿಯಲ್ಲಿ ಶಾಲೆಗೆ ಹೋದವಳು. "ತೇಲಕ್ಕನ ದೋಣಿ ಇಲ್ಲಾಂದ್ರೆ ನಡ್ಕೊಂಡೇ ಬರ್ತೀನಿ, ಕೆಂಪು ಶೂ ಕೆಸರಾದ್ರೆ ನನ್ನ ಬೈಬೇಡಿ" ಎಂದು ಹಟ ಹಿಡಿದಳಂತೆ. ಗಂಡಿನ ತಾಯಿ ಗು ಅಮ್ಮ ಮೂರು ದಿನ ಮಾತು ಬಿಟ್ಟು, ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು: ಹೆಸರಿನ ಫಲಕಕ್ಕೆ ಕೆಂಪು ಬಟ್ಟೆ ಮುಚ್ಚಬೇಕು.

"ಮುಚ್ಲಿ ಬಿಡಿ. ಹುಟ್ಟು ಮುಚ್ಚಲ್ವಲ್ಲ" ಎಂದು ಲಿಂಗ್ದಿ ನಗುತ್ತಾರೆ. ಹುರಿದ ಕಾಳು ಹಾಕಿದ ಚಹಾವನ್ನು ನಿಂತೇ ಕುಡಿದು, ಲೋಟ ತೊಳೆದಿಡುತ್ತಾರೆ.

ಏಳೂವರೆಗೆ ಓಣಿಯ ಆ ತುದಿಯಲ್ಲಿ ಪಟಾಕಿ ಸಿಡಿಯುತ್ತದೆ. ಹೆಣ್ಣು ಹೊರಟಿದ್ದಾಳೆ. ಮೆಟ್ಟಿಲ ಬಳಿ ಕಾದಿದ್ದ ಗು ಅಮ್ಮ ಚೀಲದಿಂದ ಕೆಂಪು ಬಟ್ಟೆ ತೆಗೆಯುತ್ತಾರೆ. ಒಂದು ತುದಿಯನ್ನು ಲಿಂಗ್ದಿಯೇ ಹಿಡಿದು ಗಂಟು ಹಾಕುತ್ತಾರೆ. ಇನ್ನೊಂದು ತುದಿಗೆ ಬಂದು ಕೈ ನಿಲ್ಲಿಸುತ್ತಾರೆ.

"ಕಟ್ಟೋಕ್ ಮುಂಚೆ ಯಾರಾದ್ರೂ ಈ ಹೆಸರನ್ನ ಒಂದ್ಸಲ ಗಟ್ಟಿಯಾಗಿ ಓದಿ. ದೋಣಿ ಇನ್ನೂ ದಂಡೇಲೇ ಕಟ್ಟಿದೆ."

ಮೆಟ್ಟಿಲ ಮೇಲೆ ಓದು ಬಲ್ಲವರು ಎಂಟು ಮಂದಿ ನಿಂತಿದ್ದೇವೆ.