ಟಿ.ವಿ. ಮನೆಯಲ್ಲಿ ನಾನು ಕೊಟ್ಟ ಆಜ್ಞೆ

ನನ್ನ ಅಣ್ಣನ ಮಗಳು ಮಾಡೆಲ್. ಇಷ್ಟನ್ನು ನೇರವಾಗಿ ಹೇಳಲು ನನಗೆ ನಾಲ್ಕು ವರ್ಷ ಬೇಕಾಯಿತು. ಮೊದಮೊದಲು ಯಾರಾದರೂ ವಿಚಾರಿಸಿದರೆ 'ಬೆಂಗಳೂರಿನಲ್ಲಿ ಕೆಲಸ' ಎಂದು ಮಾತು ಮುಗಿಸುತ್ತಿದ್ದೆ.

ನಾನು ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ದೈಹಿಕ ಶಿಕ್ಷಣ ಕಲಿಸಿದವಳು. ಮಕ್ಕಳ ಬಾಯಲ್ಲಿ ಪಿ.ಟಿ. ಮಿಸ್. ಅಣ್ಣ, ಅತ್ತಿಗೆ ಹೂಟಗಳ್ಳಿಯಲ್ಲಿದ್ದಾರೆ. ಅಣ್ಣನಿಗೆ ಅಲ್ಲಿನ ಕಾರ್ಖಾನೆಯಲ್ಲಿ ಪಾಳಿ ಕೆಲಸವಿತ್ತು. ಮಗಳು ನಮ್ಮ ಶಾಲೆಗೇ ಸೇರಿದ್ದರಿಂದ ಎಂಟನೇ ತರಗತಿಯಿಂದ ಜಯಲಕ್ಷ್ಮಿಪುರಂನ ನನ್ನ ಮನೆಯಲ್ಲೇ ಬೆಳೆದಳು. ನಾಲ್ಕೂಮುಕ್ಕಾಲಿಗೆ ಏಳಬೇಕು, ಹಾಸಿಗೆ ಮಡಿಸಬೇಕು, ಐದೂವರೆಗೆ ಮೈದಾನದಲ್ಲಿರಬೇಕು. ಮೂರು ವರ್ಷ ಅವಳು ಪಥಸಂಚಲನದಲ್ಲಿ ಮೊದಲ ಸಾಲಿನ ಬಲತುದಿಯವಳು. ಆ ಜಾಗ ಕೊಟ್ಟದ್ದು ಸಂಬಂಧ ನೋಡಿ ಅಲ್ಲ, ಕತ್ತು ನೋಡಿ. ಕತ್ತು ಅಲುಗುತ್ತಿರಲಿಲ್ಲ.

ಕಾಲೇಜಿನ ಕೊನೆಯ ವರ್ಷ ಒಂದು ಸೀರೆ ಅಂಗಡಿಯವರು ಅವಳ ಫೋಟೊ ತೆಗೆದರು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನನ್ನ ಜೊತೆ ವಾಕಿಂಗ್ ಬರುವ ಪಕ್ಕದ ಮನೆಯವರು ಒಂದು ಬೆಳಿಗ್ಗೆ, "ಮಿಸ್, ನಿಮ್ ಹುಡುಗಿ ಬೋಗಾದಿ ರೋಡಲ್ಲಿ ಎರಡು ಮಾಳಿಗೆ ಎತ್ರಕ್ಕೆ ನಿಂತವ್ಳೆ ಕಣ್ರೀ. ನೋಡಿಲ್ವಾ?" ಎಂದರು. ಹೋಗಿ ಆ ಜಾಹೀರಾತು ಫಲಕ ನೋಡಿದೆ. ಸೀರೆಯ ನೆರಿಗೆ ಸರಿಯಾಗಿತ್ತು. ಎಡ ಭುಜ ಸ್ವಲ್ಪ ಇಳಿದಿತ್ತು. ಫೋನ್ ಮಾಡಿ ಅದನ್ನೇ ಹೇಳಿದೆ.

ಆಮೇಲೆ ಅವಳು ಬೆಂಗಳೂರಿಗೆ ಹೋದಳು. ರ‍್ಯಾಂಪ್ ಮೇಲಿನ ನಡಿಗೆಯ ವಿಡಿಯೊ ಕಳಿಸಿದಾಗ ನಾನು ಮೆಚ್ಚಲಿಲ್ಲ. "ಸೊಂಟ ಒಂದು ಕಡೆ, ನೀನೊಂದು ಕಡೆ ಹೋಗ್ತಿದ್ದೀರಲ್ಲೇ" ಎಂದೆ. "ಅತ್ತೆ, ಇಲ್ಲಿ ಅದಕ್ಕೇ ಕೆಲಸ ಕೊಡೋದು" ಎಂದು ನಕ್ಕಳು. ಕ್ರಮೇಣ ನನಗೆ ತಿಳಿಯಿತು: ಬೆಳಿಗ್ಗೆ ಆರಕ್ಕೆ ಮೇಕಪ್‌ಗೆ ಕೂರುವುದು, ನೋಯುವ ಚಪ್ಪಲಿಯಲ್ಲಿ ಹತ್ತು ಗಂಟೆ ನಿಲ್ಲುವುದು, ಅಳತೆಗೆ ತಕ್ಕಂತೆ ಉಣ್ಣುವುದು. ನಮ್ಮ ಶಿಸ್ತಿಗಿಂತ ಅದೇನೂ ಸಡಿಲವಲ್ಲ.

ಇಪ್ಪತ್ತೊಂಬತ್ತು ತುಂಬುವ ಹೊತ್ತಿಗೆ ಕರೆಗಳು ಕಡಿಮೆಯಾದವು. ಹತ್ತೊಂಬತ್ತರ ಹುಡುಗಿಯರು ಬಂದಿದ್ದರು. ಆಗ ಒಂದು ಚಾನೆಲ್‌ನ ರಿಯಾಲಿಟಿ ಶೋಗೆ ಆಯ್ಕೆಯಾದಳು. ಹತ್ತಾರು ಜನರನ್ನು ಒಂದು ಮನೆಯಲ್ಲಿ ವಾರಗಟ್ಟಲೆ ಕೂಡಿಹಾಕಿ, ವಾರಕ್ಕೊಬ್ಬರನ್ನು ಜನರ ಓಟಿನಿಂದ ಹೊರಗೆ ಕಳಿಸುವ ಕಾರ್ಯಕ್ರಮ. ಹೊರಡುವ ಮುನ್ನ ನನಗೆ ಹೇಳಿದ್ದಳು: "ಫೈನಲ್‌ವರೆಗೆ ಉಳಿದ್ರೆ ನಿರೂಪಣೆ ಕೆಲಸ ಸಿಗತ್ತೆ ಅತ್ತೆ, ಮಾತಾಗಿದೆ. ಇಲ್ದಿದ್ರೆ ಮುಂದೇನು ಅಂತ ನಂಗೇ ಗೊತ್ತಿಲ್ಲ."

ಕಾರ್ಯಕ್ರಮ ರಾತ್ರಿ ಒಂಬತ್ತೂವರೆಗೆ. ನಾನು ಮಲಗುವುದು ಒಂಬತ್ತಕ್ಕೆ. ಮರುದಿನ ವಾಕಿಂಗ್ ಮುಗಿಸಿ ಮೊಬೈಲಿನಲ್ಲಿ ನೋಡುತ್ತಿದ್ದೆ. ಜಗಳ, ಅಳು, ಮತ್ತೆ ಜಗಳ. ಇವಳು ಮಾತ್ರ ಹಾಸಿಗೆ ಮಡಿಸಿ, ಪಾತ್ರೆ ತೊಳೆದು, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಹಾಗೇ ಫೈನಲ್‌ಗೆ ಎರಡೇ ವಾರ ಉಳಿಯುವವರೆಗೆ ಬಂದಳು.

ಆ ವಾರ ಮನೆಯವರು ಒಳಗೆ ಹೋಗಿ ಹತ್ತು ನಿಮಿಷ ಭೇಟಿಯಾಗಬಹುದಿತ್ತು. ಒಬ್ಬರಿಗೆ ಮಾತ್ರ ಅವಕಾಶ. ಅತ್ತಿಗೆ ಒಪ್ಪಲಿಲ್ಲ. "ನಾನು ಬಾಗ್ಲಲ್ಲೇ ಅತ್ತು ಬಿದ್ದೋಯ್ತೀನಿ. ನೀವೇ ಹೋಗ್ಬನ್ನಿ ಮಿಸ್ಸಮ್ಮ" ಎಂದರು. ಅವರು ನನ್ನನ್ನು ಕರೆಯುವುದೇ ಹಾಗೆ.

ಒಳಗೆ ಬಿಡುವ ಮುಂಚೆ ಚಾನೆಲ್‌ನ ಹುಡುಗಿಯೊಬ್ಬಳು ನಿಯಮ ವಿವರಿಸಿದಳು. ಧ್ವನಿವರ್ಧಕದಲ್ಲಿ 'ಸ್ತಬ್ಧ' ಎಂದು ಕೇಳಿದ ಕೂಡಲೇ ಒಳಗಿನವರೆಲ್ಲ ಇದ್ದಲ್ಲೇ ಇದ್ದ ಹಾಗೆ ನಿಲ್ಲಬೇಕು. ಬಿಡುಗಡೆ ಹೇಳುವ ತನಕ ಅಲುಗಿದವರನ್ನು ನೇರವಾಗಿ ಆ ವಾರದ ಓಟಿಗೆ ಹಾಕುತ್ತಾರೆ. ಇವಳು ಆ ವಾರ ಓಟಿನ ಪಟ್ಟಿಯಲ್ಲಿರಲಿಲ್ಲ.

"ಮೇಡಂ, ಹೋದ ತಕ್ಷಣ ತಬ್ಕೊಂಡು ಅತ್ಬುಡಿ. ಜನಕ್ಕೆ ಇಷ್ಟ ಆಗತ್ತೆ" ಎಂದಳು.

"ಅಳು ಬರದಿದ್ರೆ?"

"ಬರತ್ತೆ ಮೇಡಂ, ಎಲ್ರಿಗೂ ಬರತ್ತೆ."

ಬಾಗಿಲು ತೆರೆಯಿತು. ನಮ್ಮ ಹುಡುಗಿ ನಡುಮನೆಯಲ್ಲಿ ಕಸ ಗುಡಿಸುತ್ತಿದ್ದಾಗ ಸ್ತಬ್ಧ ಎಂದಿದ್ದಾರೆ. ಸೊಂಟ ಬಗ್ಗಿದೆ, ಮೊಣಕಾಲು ಮಡಿಚಿಕೊಂಡಿದೆ, ಕೈಯಲ್ಲಿ ಪೊರಕೆ. ನನ್ನನ್ನು ಕಂಡೂ ಕಣ್ಣು ಕದಲಿಸಲಿಲ್ಲ. ಹತ್ತಿರ ಹೋದೆ. ಬಲ ಮೊಣಕಾಲು ಸಣ್ಣಗೆ ನಡುಗುತ್ತಿತ್ತು.

ಈ ನಡುಕ ನನಗೆ ಚೆನ್ನಾಗಿ ಗೊತ್ತು. ಆಗಸ್ಟ್ ಹದಿನೈದರ ತಾಲೀಮಿನಲ್ಲಿ ಬಿಸಿಲಿಗೆ ನಿಂತ ಹುಡುಗಿಯ ಮೊಣಕಾಲು ಹೀಗೆ ನಡುಗಿದರೆ ಅರ್ಧ ನಿಮಿಷದಲ್ಲಿ ಅವಳು ಬೀಳುತ್ತಾಳೆ. ಅಷ್ಟರೊಳಗೆ ಆಜ್ಞೆ ಕೊಡಬೇಕು. ಮೂವತ್ತೊಂದು ವರ್ಷದಲ್ಲಿ ನನ್ನ ಸಾಲಿನಲ್ಲಿ ಇಬ್ಬರೇ ಬಿದ್ದದ್ದು.

"ವಿಶ್ರಾಮ್!" ಎಂದೆ. ಮೈದಾನದ ದನಿಯಲ್ಲೇ ಬಂತು.

ಪೊರಕೆ ಕೆಳಗೆ ಬಿತ್ತು. ಬೆನ್ನು ನೆಟ್ಟಗಾಯಿತು. ಎಡಗಾಲು ಪಕ್ಕಕ್ಕೆ ಹೋಯಿತು, ಎರಡೂ ಕೈ ಬೆನ್ನ ಹಿಂದೆ ಕೂಡಿದವು. ಸೋಫಾದ ಬಳಿ ಗೊಂಬೆಯಂತೆ ನಿಂತಿದ್ದವನೊಬ್ಬ ತುಟಿ ಕಚ್ಚಿ ನಗು ತಡೆದ. ಮರುಕ್ಷಣವೇ ಧ್ವನಿವರ್ಧಕ ಅವಳ ಹೆಸರು ಹೇಳಿ, ನಿಯಮ ಮುರಿದದ್ದಕ್ಕಾಗಿ ಈ ವಾರದ ಓಟಿಗೆ ಎಂದಿತು.

"ಅತ್ತೆ..." ಎಂದಳು, ಅಷ್ಟೆ. ಮುಖದ ಬಣ್ಣ ಇಳಿದಿತ್ತು.

ಉಳಿದ ನಿಮಿಷಗಳಲ್ಲಿ ನಾನು ಕೇಳಿದ್ದು ಊಟ ಆಯಿತೇ, ಬೆನ್ನು ನೋಯುತ್ತಿದೆಯೇ ಎಂದು. ಇಬ್ಬರೂ ಅಳಲಿಲ್ಲ. ಟಿ.ವಿ.ಯಲ್ಲಿ ಅದನ್ನು ತಮಾಷೆಯ ಸಂಗೀತ ಹಾಕಿ ತೋರಿಸಿದರು. ಕೆರೆ ಏರಿಯ ಮೇಲೆ ನನ್ನ ಹಳೆಯ ವಿದ್ಯಾರ್ಥಿನಿಯರಿಬ್ಬರು, "ಮಿಸ್, ನಾವೂ ಸೋಫಾದಿಂದ ಎದ್ದು ನಿಂತ್ಬುಟ್ವಿ!" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಭಾನುವಾರ ಅವಳು ಹೊರಬಿದ್ದಳು. ಸೋಮವಾರ ಮಧ್ಯಾಹ್ನ ಹೂಟಗಳ್ಳಿಗೆ ಬಂದಳು. ನಾನೂ ಹೋದೆ. ಅತ್ತಿಗೆ ಮುದ್ದೆ, ಬಸ್ಸಾರು ಬಡಿಸುತ್ತಾ, "ಬುಡಮ್ಮ, ದೇವ್ರು ಇಟ್ಟಂಗಾಯ್ತದೆ" ಎಂದರು.

"ದೇವ್ರನ್ನ ಯಾಕೆ ಎಳೀತೀರಿ ಅತ್ತಿಗೆ? ತಪ್ಪು ನಂದು" ಎಂದೆ. ಹಾಗೆ ಯಾರೆದುರೂ ಅಂದ ನೆನಪಿಲ್ಲ.

ಹುಡುಗಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ಹೌದು ಅತ್ತೆ, ನಿಮ್ದೇ" ಎಂದಳು. ಅತ್ತಿಗೆ ಗದರಲು ಹೋದರು. ನಾನು ಕೈ ತೋರಿಸಿ ತಡೆದೆ.

"ಬಿದ್ಬಿಡ್ತೀಯ ಅನ್ಸ್ತು" ಎಂದೆ.

"ಬೀಳ್ತಿರ್ಲಿಲ್ಲ. ಕಾಲು ನಡುಗಿದ್ರೂ ನಿಲ್ಲೋದು ಹೇಗೆ ಅಂತ ಗೊತ್ತು. ಅದೇ ಅಲ್ವಾ ನನ್ ಕೆಲಸ? ಅದೊಂದನ್ನ ಇಷ್ಟು ವರ್ಷದಲ್ಲಿ ನೀವು ನನ್ನ ಕೇಳ್ಳೇ ಇಲ್ಲ." ಮುದ್ದೆ ಮುರಿಯುತ್ತಾ, "ಆದ್ರೆ ನೀವು ಹೇಳಿದ್ ತಕ್ಷಣ ಮಾಡಿದ್ನಲ್ಲ, ಅದು ನನ್ ತಪ್ಪು" ಎಂದಳು.

ನಿರೂಪಣೆಯ ಕೆಲಸ ಫೈನಲ್‌ಗೆ ಹೋದ ಇನ್ನೊಬ್ಬಳಿಗೆ ಸಿಕ್ಕಿತು. ಇವಳು ಐದಾರು ತಿಂಗಳು ಒಡವೆ ಅಂಗಡಿಗಳ ಉದ್ಘಾಟನೆಗೆ ಹೋಗಿ ಟೇಪು ಕತ್ತರಿಸಿದಳು. ಈಗ ಬೆಂಗಳೂರಿನಲ್ಲಿ ಹೊಸ ಹುಡುಗಿಯರಿಗೆ ನಡಿಗೆ ಕಲಿಸುತ್ತಾಳೆ, ನಡುನಡುವೆ ಸೀರೆಯ ಫೋಟೊಗಳಿಗೆ ನಿಲ್ಲುತ್ತಾಳೆ. ಜೀವನ ನಡೆಯುತ್ತಿದೆ. ಆ ಎರಡು ವಾರ ಸಿಕ್ಕಿದ್ದರೆ ಏನಾಗುತ್ತಿತ್ತೋ ನನಗೆ ತಿಳಿಯದು, ಅವಳಿಗೂ ತಿಳಿಯದು.

ಭಾನುವಾರ ಬೆಳಿಗ್ಗೆ ಏಳಕ್ಕೆ ಅವಳ ಫೋನ್ ಬರುತ್ತದೆ, ಹೊಸ ಫೋಟೊಗಳೂ ಬರುತ್ತವೆ. ನನಗೆ ಏನಾದರೊಂದು ಕಂಡೇ ಕಾಣುತ್ತದೆ. "ಹೇಳ್ಲಾ?" ಎಂದು ಮೊದಲು ಕೇಳುತ್ತೇನೆ. ಕೆಲವು ಸಲ ಹೇಳಿ ಎನ್ನುತ್ತಾಳೆ. "ಇವತ್ತು ಬೇಡ ಅತ್ತೆ" ಎಂದ ದಿನ ಫೋಟೊ ಚೆನ್ನಾಗಿದೆ ಎಂದಷ್ಟೇ ಹೇಳಿ ಫೋನ್ ಇಡುತ್ತೇನೆ.