ಕಾಕಾನ ಫೋನಿನಲ್ಲಿ ಕೇಳಿದ ಸಪ್ಪಳ

ಇವತ್ತು ಸಿಂದಗಿಯ ನಮ್ಮ ಓಣಿಯಲ್ಲಿ ಮದುವೆ ಮೆರವಣಿಗೆ ಹೋಯಿತು. ಪಟಾಕಿ ವಾಸನೆಗೆ ಬಾಲ್ಯದ ಒಂದು ಮಧ್ಯಾಹ್ನ ನೆನಪಾಯಿತು.

ಪತ್ರಿಕೆಯ ವರದಿಗಾರ ಕಾಕಾ ಯುದ್ಧ ನಡೆಯುತ್ತಿದ್ದ ದೇಶದಿಂದ ಫೋನ್ ಮಾಡಿದ್ದ. ಅಜ್ಜಿಯ ಜೊತೆ ನಾನೂ ಕಿವಿ ಹಚ್ಚಿದ್ದೆ. ಆ ಕಡೆ ಢಂ ಎಂದಿತು.

"ಏನೋ ಅದು ಸಪ್ಪಳ?" ಅಜ್ಜಿ ಕೇಳಿದಳು.

"ಮದುವಿ ಐತಿ ಬೇ, ಪಟಾಕಿ ಹೊಡ್ಯಾಕತ್ತಾರ."

"ಹಂಗಾರ ಉಂಡು ಬಾ. ನಿನಗಂತೂ ಹೆಣ್ಣು ಸಿಗಲಿಲ್ಲ," ಎಂದು ಅಜ್ಜಿ ನಕ್ಕಳು.

ಫೋನ್ ಇಟ್ಟವಳೇ ನನ್ನ ಕೈ ಹಿಡಿದಳು. "ನನಗ ತಿಳದೈತಿ ಅಂತ ಅವಗ ಹೇಳಬ್ಯಾಡ," ಎಂದಳು. ಮತ್ತೆ ಫೋನ್ ಬರುವವರೆಗೂ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ.

ಕಾಕಾ ಈಗ ಊರಲ್ಲೇ ಇದ್ದಾನೆ. ನನಗೂ ಪತ್ರಿಕೆಯಲ್ಲಿ ಕೆಲಸ ಸಿಕ್ಕಿತೆಂದಾಗ ಅವನು ಕೇಳಿದ್ದು ಒಂದೇ: "ನಿಮ್ಮವ್ವಗ ಫೋನ್‌ನ್ಯಾಗ ಏನ್ ಸುಳ್ಳು ಹೇಳ್ತಿ?"

ಒಳಗೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.